ಉಬ್ಬದ ಚೀಲ

ಮಣಿಕಟ್ಟಿಗೆ ತಣ್ಣನೆ ಗಾಳಿ ತಾಗುತ್ತಿದೆ, ಎಲ್ಲಿಂದ, ಕಿಟಕಿಯೇ ಇಲ್ಲದ ಆಪರೇಷನ್ ಕೋಣೆ ಇದು, ಅಮ್ಮನ ತಲೆ ಅಲುಗದಂತೆ ಹಿಡಿದುಕೊಂಡಿದ್ದೇನೆ, ಕೆನ್ನೆಯ ಪಕ್ಕದಿಂದ ಬರುತ್ತಿದೆ, ಮಾಸ್ಕಿನ ಅಂಚಿನಿಂದ — ಅಮ್ಮನೊಳಗೆ ಹೋಗಬೇಕಾದ ಆಕ್ಸಿಜನ್ ನನ್ನ ಕೈಗೆ ಬಡಿದು ಪೋಲಾಗುತ್ತಿದೆ. ಹಲ್ಲುಸೆಟ್ಟು ತೆಗೆದವಳು ನಾನೇ, ಇಲ್ಲಿಯ ಆಯಾ ನಾನು, ನನ್ನ ಮೊದಲ ಕೆಲಸ ಅದು, ಬಳೆ, ಪಿನ್ನು, ಹಲ್ಲು. ಹಲ್ಲಿಲ್ದೆ ನನ್ನ ನೋಡಿದ್ರೆ ಡಾಕ್ಟ್ರು ಹೆದರಿ ಓಡ್ತಾರೆ ಕಣೇ ಎಂದು ಅಮ್ಮ ನಕ್ಕಳು, ನಕ್ಕಾಗಲೇ ಕೆನ್ನೆ ಎರಡೂ ಒಳಗಿಳಿದವು, ಆ ಗುಂಡಿಯ ಮೇಲೆ ಈಗ ಮಾಸ್ಕು ಕೂರುತ್ತಿಲ್ಲ, ಅರಿವಳಿಕೆ ಡಾಕ್ಟರ ಎಡಗೈ ಮಾಸ್ಕಿನ ಮೇಲೆ, ಕಣ್ಣು ಗಡಿಯಾರದ ಮೇಲೆ. ಬರೀ ಪಿತ್ತಕೋಶದ ಕಲ್ಲು, ಮೂರು ನಿಮಿಷ ಚೆನ್ನಾಗಿ ಉಸಿರಾಡಿಯಮ್ಮ, ಆಮೇಲೆ ನಿದ್ದೆ, ಎಂದಿದ್ದರು. ಆ ಮೂರು ನಿಮಿಷ ಬುತ್ತಿ ಕಟ್ಟುವ ಹಾಗೆ — ಔಷಧಿ ಹೋದ ಮೇಲೆ ಉಸಿರು ನಿಲ್ಲುತ್ತದೆ, ಗಂಟಲಿಗೆ ಕೊಳವೆ ಇಳಿಯುವ ತನಕ ಒಳಗಿಟ್ಟುಕೊಂಡದ್ದರಲ್ಲೇ ಬದುಕಬೇಕು, ಯಾರೂ ಹೇಳಿಕೊಟ್ಟದ್ದಲ್ಲ, ಎರಡು ವರ್ಷ ಮೂಲೆಯಲ್ಲಿ ನಿಂತು ನೋಡಿದ್ದು, ಯಂತ್ರದ ಕಪ್ಪು ಚೀಲ ಉಸಿರಿನ ಜೊತೆ ಉಬ್ಬಿ ಕುಗ್ಗಿದರೆ ಬುತ್ತಿ ತುಂಬುತ್ತಿದೆ. ಉಬ್ಬುತ್ತಿಲ್ಲ. ನೂರಿದೆ ಸರ್, ಎನ್ನುತ್ತಾರೆ ಸಿಸ್ಟರು ಪರದೆ ನೋಡಿ, ಅದು ಈ ಗಳಿಗೆ ರಕ್ತದಲ್ಲಿರುವ ಆಕ್ಸಿಜನ್, ಬುತ್ತಿಯ ಲೆಕ್ಕವಲ್ಲ. ದರ್ಜಿ ಹೆಂಗಸಿಗೂ ನೂರಿತ್ತು, ಹೋದ ತಿಂಗಳು, ಇದೇ ಟೇಬಲ್ಲು, ನಿನ್ನ ರವಿಕೆ ತೋಳು ಯಾರೇ ಹೀಗೆ ಕೆಡಿಸಿದ್ದು, ನಾನು ವಾಸಿಯಾಗ್ಲಿ, ಬಿಚ್ಚಿ ಹೊಲಿದುಕೊಡ್ತೀನಿ ಅಂದವಳು, ಆಗಲೂ ಚೀಲ ಹೀಗೇ ಜೋತುಬಿದ್ದಿತ್ತು, ನೋಡಿದೆ, ನೋಡಿ ಸುಮ್ಮನಿದ್ದೆ, ಕೊಳವೆ ಇಳಿಯಲಿಲ್ಲ, ತೊಂಬತ್ತು, ಎಪ್ಪತ್ತು, ನಲವತ್ತು, ತುಟಿ ನೇರಳೆ. ಈಗ ಗಾಲಿಕುರ್ಚಿಯಲ್ಲಿ ಬರುತ್ತಾಳೆ, ಗಂಡ ಜೊಲ್ಲು ಒರೆಸುತ್ತಾನೆ, ಬೆರಳುಗಳು ಮಾತ್ರ ಸೂಜಿಯಿಲ್ಲದೆ ಹೊದಿಕೆಯ ಅಂಚು ಹೊಲಿಯುತ್ತಲೇ ಇರುತ್ತವೆ.

ಹೇಳು. ಸರ್, ಬ್ಯಾಗ್ ಆಡ್ತಿಲ್ಲ. ಮೂರೇ ಮಾತು. ಏಳನೇ ಕ್ಲಾಸಿನಲ್ಲಿ ಹಾಜರಿ ಕೂಗಿದಾಗ ಅಷ್ಟೂ ಬೇಕಿರಲಿಲ್ಲ, ಹಾಜರ್ ಸರ್ ಅಂದರೆ ಮುಗಿಯಿತು, ಅದೂ ಬಾಯಿಂದ ಬರುತ್ತಿರಲಿಲ್ಲ, ಎದುರಿಗೆ ಕೂತವಳಿಗೇ ಮೇಷ್ಟ್ರು ಗೈರು ಬರೆಯುತ್ತಿದ್ದರು, ಕೊನೆಗೆ ನಿಜವಾಗಿಯೇ ಹೋಗುವುದು ಬಿಟ್ಟೆ, ಅಮ್ಮ ಬೈಯಲಿಲ್ಲ, ಇವಳ ಮಾತೆಲ್ಲ ಕಣ್ಣಲ್ಲೇ ಇದೆ ಬಿಡಿ ಅಂದಳು — ಈಗ ಮಾಸ್ಕಿನ ಮೇಲಿಂದ ಆ ಕಣ್ಣನ್ನೇ ನೋಡುತ್ತಿದ್ದಾಳೆ, ಮಗಳು ಒಳಗೇ ಇರ್ತಾಳೆ, ನಂಗೇನು ಭಯ ಎಂದು ವಾರ್ಡಿಗೆಲ್ಲ ಹೇಳಿಕೊಂಡು ಬಂದವಳು. ಸರ್ — ಬಂತಾ, ಬಾಯಿಗೆ ಕಟ್ಟಿದ ಬಟ್ಟೆಯೊಳಗೇ ಉಳಿಯಿತಾ, ಡಾಕ್ಟರು ತಲೆಯೆತ್ತಿದರು, ನನ್ನತ್ತ ಅಲ್ಲ, ಸಿಸ್ಟರತ್ತ, ಟೈಮಾಯ್ತು, ಕೊಡಿ. ಹಾಲಿನಂಥ ಬಿಳಿ ಔಷಧಿ ನಳಿಗೆಯಲ್ಲಿ ಸರಿಯುತ್ತಿದೆ, ಅಮ್ಮನ ರೆಪ್ಪೆ ಇಳಿಯುತ್ತಿದೆ, ನನ್ನ ಜೇಬಿನಲ್ಲಿ ಅವಳ ಹಲ್ಲು, ಮಣಿಕಟ್ಟಿಗೆ ತಣ್ಣನೆ ಗಾಳಿ, ಪರದೆಯಲ್ಲಿ ಇನ್ನೂ ನೂರು, ಚೀಲ, ಉಬ್ಬು, ಒಂದು ಸಲ ಉಬ್ಬು, ಚೀಲ, ಕಪ್ಪು ಚೀಲ, ಜೋತುಬಿದ್ದ ಚೀಲ