ಹತ್ತನೆಯ ಚೀಟಿ

ಹದಿನೆಂಟು ವರ್ಷಗಳಿಂದ ತಿಂಗಳ ಎರಡನೆಯ ಶನಿವಾರ ಒಡೀಲ್ ಗಿಲ್ಲೊರಿ ತನ್ನ ಕಾರಿನಲ್ಲಿ ಅರ್ಲೀನ್ ಪ್ರೆಜಾನಳನ್ನು ಜೈಲಿಗೆ ಕರೆದೊಯ್ಯುತ್ತಿದ್ದಳು. ದಕ್ಷಿಣ ಲೂಯಿಸಿಯಾನದ ಅವರ ಊರಿನಿಂದ ಅಲ್ಲಿಗೆ ಮೂರು ಗಂಟೆಯ ದಾರಿ. ಒಡೀಲ್‌ಗೆ ಅರವತ್ತೊಂಬತ್ತು, ಅರ್ಲೀನ್‌ಗೆ ಎಪ್ಪತ್ತೆಂಟು. ಇಬ್ಬರೂ ಒಂದೇ ಚರ್ಚಿನವರು. ಒಳಗಿದ್ದವನು ಅರ್ಲೀನಳ ಮಗ ಲಯನೆಲ್. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಬಂದೂಕು ತೋರಿಸಿ ಪೆಟ್ರೋಲ್ ಬಂಕ್ ದೋಚಿದನೆಂದು ಅವನಿಗೆ ಅರವತ್ತು ವರ್ಷ ಹಾಕಿದ್ದರು. ಬಂಕಿನವನು ಕಂಡದ್ದು ಟೋಪಿ ಹಾಕಿದ ಒಬ್ಬ ಕಪ್ಪು ಹುಡುಗನನ್ನು. ಆ ಊರಿನಲ್ಲಿ ಟೋಪಿ ಹಾಕಿದ ಕಪ್ಪು ಹುಡುಗರಿಗೇನು ಬರವೇ? ಪೊಲೀಸರ ಕೈಗೆ ಮೊದಲು ಸಿಕ್ಕವನು ಲಯನೆಲ್.

ರಕ್ತಸಂಬಂಧವಿಲ್ಲದಿದ್ದರೂ ಇಷ್ಟು ಮಾಡುತ್ತಾಳಲ್ಲ ಎಂದು ಊರೆಲ್ಲ ಒಡೀಲ್‌ಳನ್ನು ಹೊಗಳುತ್ತಿತ್ತು. ಹೊಗಳಿದಾಗಲೆಲ್ಲ ಅವಳು ನಾಚಿಕೆಯಿಂದ ಹಿಡಿಯಷ್ಟಾಗುತ್ತಿದ್ದಳು. ಜನ ಅದನ್ನು ವಿನಯವೆಂದುಕೊಂಡರು. ಜನಕ್ಕೇನು, ತಲೆ ತಗ್ಗಿಸಿದವರೆಲ್ಲ ಸಾಧುಗಳೇ.

ಇಪ್ಪತ್ತೆರಡು ವರ್ಷದ ಹಿಂದೆ ಲಯನೆಲ್ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸಲು ಕೋರ್ಟು ಸಾಮಾನ್ಯ ಜನರಿಂದ ಆರಿಸಿ ಕೂರಿಸಿದ ಹನ್ನೆರಡು ಮಂದಿಯಲ್ಲಿ ಒಡೀಲ್ ಒಬ್ಬಳು. ಉಳಿದ ರಾಜ್ಯಗಳಲ್ಲಿ ಹೆಚ್ಚುಕಡಿಮೆ ಎಲ್ಲ ಕಡೆಯೂ ಹನ್ನೆರಡು ಮಂದಿಯೂ ಒಪ್ಪಬೇಕು. ಲೂಯಿಸಿಯಾನದಲ್ಲಿ ಆಗ ಹತ್ತು ಮಂದಿ ಒಪ್ಪಿದರೆ ಸಾಕಿತ್ತು. ನೂರು ವರ್ಷದ ಹಿಂದೆ ಬಿಳಿಯ ದೊಡ್ಡ ಮನುಷ್ಯರು ಸಭೆ ಸೇರಿ ಮಾಡಿದ ಕಾನೂನು ಅದು. ಕಪ್ಪು ಜನರನ್ನು ಒಬ್ಬಿಬ್ಬರನ್ನಾದರೂ ಕೂರಿಸಲೇಬೇಕು; ಕೂರಿಸಿದ ಹಾಗೂ ಇರಬೇಕು, ಅವರ ಮಾತು ನಡೆಯಲೂಬಾರದು. ಎಂಥ ಬುದ್ಧಿವಂತಿಕೆ! ಅಂದು ಆ ಹನ್ನೆರಡರಲ್ಲಿ ಕಪ್ಪು ಜನರು ಇಬ್ಬರು: ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಒಡೀಲ್, ಮತ್ತು ಪರ್ಸಿ ಎಂಬ ಯುವಕ.

ಅದು ಈಸ್ಟರ್‌ಗೆ ಮುಂಚಿನ ಗುರುವಾರ. ಇವತ್ತು ತೀರ್ಮಾನವಾಗದಿದ್ದರೆ ಸೋಮವಾರದವರೆಗೂ ಎಲ್ಲರೂ ಹೋಟೆಲಿನಲ್ಲೇ ಇರಬೇಕು ಎಂದು ನ್ಯಾಯಾಧೀಶರು ಹೇಳಿದ್ದರು. ಒಡೀಲ್‌ಗೆ ಶನಿವಾರ ಪಾರ್ಲರಿನಲ್ಲಿ ಕೂದಲು ಮಾಡಿಸಿಕೊಳ್ಳಲು ಸರದಿ ಸಿಕ್ಕಿತ್ತು. ಎರಡು ತಿಂಗಳ ಮುಂಚೆ ಹಿಡಿದಿಟ್ಟ ಸರದಿ. ಈಸ್ಟರ್ ದಿನ ಚರ್ಚಿನಲ್ಲಿ ಬಂದವರಿಗೆ ಜಾಗ ತೋರಿಸಿ ಕೂರಿಸುವ ಹೆಂಗಸರ ಸಾಲಿಗೆ ಮೊದಲ ಬಾರಿ ಅವಳೇ ಮುಂದೆ ನಡೆಯಬೇಕಿತ್ತು. ಕೂದಲು. ಹೌದು, ಕೂದಲೇ. ಮಗುವಿಗೆ ಜ್ವರ, ತಾಯಿಗೆ ಕಾಯಿಲೆ ಎಂದು ಏನಾದರೂ ಮರ್ಯಾದೆಯ ಕಾರಣ ಹೇಳೋಣವೆಂದರೆ ಇಲ್ಲ.

ಮೂರನೆಯ ಸಲ ಚೀಟಿ ಹಾಕಿದಾಗ ಒಂಬತ್ತು ಮಂದಿ ತಪ್ಪಿತಸ್ಥ ಎಂದರು. ಒಪ್ಪದವರು ಒಡೀಲ್, ಪರ್ಸಿ ಮತ್ತು ಒಬ್ಬ ಬಿಳಿಯ ಮುದುಕ. ಹನ್ನೆರಡು ಮಂದಿಗೆ ಮುಖಂಡನಾಗಿದ್ದ ಟ್ರ್ಯಾಕ್ಟರ್ ವ್ಯಾಪಾರಿ ಮೇಜು ತಟ್ಟಿ, "ಇನ್ನೊಂದು ಚೀಟಿ ಸಾಕು, ಎಲ್ರೂ ಮನೆಗೆ ಹೋಗೋಣ" ಎಂದ. ಪರ್ಸಿ ಮುಖ ಉಜ್ಜಿಕೊಂಡು, ಉಸ್ಸೆಂದು, ಸರಸರನೆ ಬರೆದು ಚೀಟಿ ತಳ್ಳಿದ. ಹುಡುಗ ಸೋತ, ಅಲ್ಲಿಗೆ ಹತ್ತಾಯಿತು ಎಂದುಕೊಂಡಳು ಒಡೀಲ್. ಹತ್ತಾದ ಮೇಲೆ ನನ್ನದು ಎತ್ತ ಬಿದ್ದರೇನು? ಅವಳು 'ತಪ್ಪಿತಸ್ಥ' ಎಂದು ಬರೆದಳು. ಬಿಚ್ಚಿ ಎಣಿಸಿದರೆ ಸರಿಯಾಗಿ ಹತ್ತು. ಪರ್ಸಿ ಸೋತಿರಲಿಲ್ಲ.

ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಒಬ್ಬೊಬ್ಬರ ತೀರ್ಮಾನವನ್ನು ಖಚಿತಪಡಿಸಿಕೊಳ್ಳಲು ನ್ಯಾಯಾಧೀಶರು ಕೊಟ್ಟ ಚೀಟಿಯ ಮೇಲೂ ಅದನ್ನೇ ಬರೆದು ಸಹಿ ಹಾಕಿದಳು. ಯಾರ ಮಾತು ನಡೆಯಬಾರದೆಂದು ಕಾನೂನು ಮಾಡಿದ್ದರೋ ಅವರಲ್ಲೊಬ್ಬಳ ಮಾತು ಅವತ್ತೊಂದು ದಿನ ನಡೆಯಿತು.

ಈಸ್ಟರ್ ಮುಗಿದ ವಾರ ಅರ್ಲೀನ್ ಅವಳ ಬಾಗಿಲು ತಟ್ಟಿದಳು. "ಇಬ್ರು ಒಪ್ಲಿಲ್ವಂತೆ. ನಮ್ಮೋರು ಇದ್ದಿದ್ದೇ ಇಬ್ರು. ಇನ್ಯಾರು ಅಂತ ನಂಗೆ ಗೊತ್ತಾಗಲ್ವಾ?" ಎಂದು ಎರಡೂ ಕೈ ಹಿಡಿದುಕೊಂಡು ಅತ್ತಳು. ಒಡೀಲ್‌ಳ ಗಂಟಲವರೆಗೆ ಬಂದ 'ಇಲ್ಲ ಅಕ್ಕ' ಅಲ್ಲೇ ಉಳಿಯಿತು. ಸುಳ್ಳು ಹೇಳಲು ಬಾಯಿಯೇ ಬೇಕೆಂದಿಲ್ಲ. ಸುಮ್ಮನಿದ್ದರೂ ಆಗುತ್ತದೆ. ನಾಲ್ಕು ವರ್ಷದ ಮೇಲೆ ಒಡೀಲ್ ಕಾರು ಕೊಂಡಾಗ ಮೊದಲು ಮಾಡಿದ ಕೆಲಸವೆಂದರೆ ಅರ್ಲೀನಳನ್ನು ಜೈಲಿಗೆ ಕರೆದೊಯ್ದದ್ದು.

ಈಗ ಲಯನೆಲ್‌ನ ವಕೀಲೆಯಿಂದ ಒಡೀಲ್‌ಗೆ ಕಾಗದ ಬಂದಿತ್ತು. ಹತ್ತರ ಕಾನೂನು ಹೋಗಿದೆ. ಜಿಲ್ಲೆಗೆ ಬಂದ ಹೊಸ ಸರ್ಕಾರಿ ವಕೀಲರು ಹಳೆಯ ಹತ್ತು-ಎರಡರ ಮೊಕದ್ದಮೆಗಳನ್ನು ಮತ್ತೆ ನೋಡುತ್ತಿದ್ದಾರೆ. ಒಳಗೆ ನಡೆದದ್ದನ್ನು ಬರೆದುಕೊಟ್ಟರೆ ಲಯನೆಲ್‌ನ ಬಿಡುಗಡೆಗೆ ಸಹಾಯವಾಗುತ್ತದೆ. ಬರೆದರೆ ನಿಜ ಬರೆಯಬೇಕು. ಬರೆದದ್ದನ್ನು ಅರ್ಲೀನ್ ಒಂದಲ್ಲ ಒಂದು ದಿನ ಓದುತ್ತಾಳೆ. ಅದಕ್ಕಿಂತ ಮುಂಚೆ ತಾನೇ ಹೇಳಬೇಕು, ಮೊದಲು ಲಯನೆಲ್‌ಗೆ, ಎಂದು ಗಟ್ಟಿಮನಸ್ಸು ಮಾಡಿ ಒಡೀಲ್ ಈ ಶನಿವಾರ ಹೊರಟಿದ್ದಳು.

ಜೈಲೆಂದರೆ ಕಣ್ಣು ಹರಿಯುವಷ್ಟು ದೂರ ಹೊಲ. ಬೆಂಡೆಕಾಯಿಯ ಸಾಲುಗಳಲ್ಲಿ ಬಿಳಿ ಅಂಗಿಯ ಕಪ್ಪು ಗಂಡಸರು ಬಗ್ಗಿದ್ದರು. ಕುದುರೆಯ ಮೇಲೆ ಬಂದೂಕು ಹಿಡಿದವನೊಬ್ಬ ಕಾಯುತ್ತಿದ್ದ. ಭೇಟಿಯ ಕೋಣೆಯಲ್ಲಿ ಅರ್ಲೀನ್ ಮಗನ ಕೆನ್ನೆ ಸವರಿ, "ಸೊರಗಿದ್ದೀಯ. ಹುರಿದ ಕೋಳಿ ತರ್ತೀನಿ, ಇರು" ಎಂದು ಊಟದ ಕಟ್ಟೆಯ ಸಾಲಿಗೆ ಹೋದಳು.

ಲಯನೆಲ್‌ನ ಗಡ್ಡದಲ್ಲಿ ಬಿಳಿಕೂದಲು ಬಂದಿತ್ತು. "ಏನ್ ಆಂಟಿ, ಇವತ್ತು ಮುಖ ಹರಳೆಣ್ಣೆ ಕುಡ್ದಂಗಿದೆ?" ಎಂದು ಕೆಣಕಿದ.

"ಲಯನೆಲ್, ಆ ಹತ್ತು ಚೀಟೀಲಿ ನಂದೂ ಒಂದಿತ್ತು."

ಅವನು ತಾಯಿ ನಿಂತ ಕಡೆ ಒಮ್ಮೆ ನೋಡಿದ. "ಗೊತ್ತು. ಎರಡನೇ ವರ್ಷವೇ ಗೊತ್ತಾಯ್ತು. ಅಪೀಲಿನ ಕಾಗದದ ಜೊತೆ ನೀವೆಲ್ಲ ಸಹಿ ಹಾಕಿದ ಚೀಟಿಗಳ ನಕಲೂ ಬಂತು. ಅಕ್ಷರ ದುಂಡಗಿದೆ ನಿಮ್ದು."

ಒಡೀಲ್ ಕುರ್ಚಿಯ ಅಂಚಿಗೆ ಸರಿದಳು. "ಗೊತ್ತಿದ್ದೂ ಇಷ್ಟು ವರ್ಷ ಎದುರಿಗೆ ಕೂತ್ಕೊಂಡ್ಯಾ?"

"ಮೊದಮೊದಲು ನಿಮ್ಮ ಮುಖ ನೋಡಿದ್ರೆ ಹೊಟ್ಟೆ ಉರೀತಿತ್ತು. ಸುಳ್ಳ್ಯಾಕೆ ಹೇಳ್ಲಿ? ಆದ್ರೆ ಅಮ್ಮ ಆಗ ಮೂರು ಬಸ್ಸು ಬದಲಿಸಿ ವರ್ಷಕ್ಕೊಂದ್ಸಲ ಬರ್ತಿದ್ಲು. ನಿಮ್ಮ ಕಾರು ಬಂದ್ಮೇಲೆ ತಿಂಗ್ಳು ತಿಂಗ್ಳು ನೋಡ್ದೆ. ಬಾಯಿ ಬಿಟ್ಟಿದ್ರೆ ಅದೂ ಹೋಗ್ತಿತ್ತು." ಮೇಜಿನ ಮೇಲೆ ಬೆರಳಾಡಿಸುತ್ತಾ ಮೆಲ್ಲಗೆ ಮುಂದುವರಿಸಿದ. "ವಕೀಲರಿಗೆ ಬರ್ಕೊಡಿ. ಅದು ಅಮ್ಮನ ಕಣ್ಣಿಗೆ ಬೀಳದ ಹಾಗೆ ನೋಡ್ಕೊಳ್ಳಿ ಅಂತ ಅವರಿಗೆ ನಾನು ಹೇಳ್ತೀನಿ. ನೀವು ಹೇಳ್ಬೇಡಿ. ಈ ವಯಸ್ಸಲ್ಲಿ ಅವಳು ಇನ್ಯಾರ ಜೊತೆ ಬರ್ತಾಳೆ?"

ಒಡೀಲ್‌ಗೆ ಮೊದಲು ಆದದ್ದು ಸಮಾಧಾನ. ಅಬ್ಬ, ಹೇಳಬೇಕಾಗಿಲ್ಲ! ಮರುಗಳಿಗೆ ಆ ಸಮಾಧಾನದ ಬಗ್ಗೆಯೇ ಹೇಸಿಗೆಯಾಯಿತು. ಇವನ ಜೀವನ ಕಿತ್ತುಕೊಂಡದ್ದಲ್ಲದೆ ತನ್ನ ಗುಟ್ಟನ್ನೂ ಇಷ್ಟು ವರ್ಷ ಇವನ ಕೈಲೇ ಹೊರಿಸಿದ್ದಳು. ಭೂಮಿ ಬಾಯಿ ಬಿಟ್ಟಿದ್ದರೆ ಅಲ್ಲೇ ಇಳಿದುಬಿಡುತ್ತಿದ್ದಳು.

ಅರ್ಲೀನ್ ತಟ್ಟೆಗಳನ್ನು ಇಟ್ಟು, "ಏನು ನನ್ನ ಬಿಟ್ಟು ಗುಸುಗುಸು?" ಎಂದು ಕೂತಳು. ಇಬ್ಬರ ಕೈ ಹಿಡಿದು, ಕಣ್ಣು ಮುಚ್ಚಿ ಊಟದ ಪ್ರಾರ್ಥನೆ ಶುರು ಮಾಡಿದಳು. "ಕರ್ತನೇ, ಈ ಅನ್ನಕ್ಕೆ ಸ್ತೋತ್ರ. ನನ್ನ ಮಗನನ್ನ ಉಳಿಸಿದ್ದೀಯ, ಸ್ತೋತ್ರ. ಅಷ್ಟು ಜನರ ಮಧ್ಯೆ 'ಇಲ್ಲ' ಅಂದ ಈ ನನ್ನ ತಂಗಿಗೋಸ್ಕರ ಸ್ತೋತ್ರ."

"ಅನ್ಲಿಲ್ಲ ಅಕ್ಕ" ಎಂದಳು ಒಡೀಲ್. "ನಾನು ಇಲ್ಲ ಅನ್ಲಿಲ್ಲ. ತಪ್ಪಿತಸ್ಥ ಅಂತ ಬರೆದೆ. ನಂದೇ ಹತ್ತನೇದು."

ಅರ್ಲೀನ್ ಕಣ್ಣು ತೆರೆದಳು. ಮೊದಲು ಮಗನನ್ನು ನೋಡಿದಳು. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. ಅವಳಿಗೆ ಅಷ್ಟು ಸಾಕಾಯಿತು. ಹಿಡಿದಿದ್ದ ಕೈಯನ್ನು ಒಡೀಲ್‌ಳ ಕೈಯಿಂದ ಬಿಡಿಸಿಕೊಂಡು ಮಡಿಲಲ್ಲಿಟ್ಟುಕೊಂಡಳು.

"ಹಂಗಾದ್ರೆ ಪರ್ಸಿ ಜೊತೆ ಒಪ್ಪದೆ ಇದ್ದೋರು ಯಾರು?"

"ಒಬ್ಬ ಬಿಳಿ ಮುದುಕ. ಸಂಗೀತದ ಮೇಷ್ಟ್ರು."

"ಹೆಸರು?"

"ನೆನಪಿಲ್ಲ ಅಕ್ಕ."

"ಇಪ್ಪತ್ತೆರಡು ವರ್ಷ ದೇವರ ಮುಂದೆ ತಪ್ಪು ಹೆಸರು ಹೇಳ್ದೆ." ಅರ್ಲೀನಳ ದನಿ ಏರಲಿಲ್ಲ. "ಯಾಕೆ ಬರೆದೆ? ಇವನೇ ಮಾಡಿದ್ದು ಅನ್ನಿಸ್ತಾ?"

"ಇಲ್ಲ. ಯಾವತ್ತೂ ಅನ್ನಿಸ್ಲಿಲ್ಲ. ಈಸ್ಟರ್‌ಗೆ ಕೂದಲು ಮಾಡಿಸ್ಕೋಬೇಕಿತ್ತು. ಹತ್ತಾಗಿದೆ ಅಂದ್ಕೊಂಡೆ. ನಂದು ಲೆಕ್ಕಕ್ಕಿಲ್ಲ ಅಂದ್ಕೊಂಡೆ."

ಲಯನೆಲ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವಳು ಹಾಗೆ ಬರೆದ ಕಾರಣ ಅವನಿಗೂ ಇದುವರೆಗೆ ಗೊತ್ತಿರಲಿಲ್ಲ. ಅದು ಚೀಟಿಯಲ್ಲಿ ಬರೆದಿರುವಂಥದ್ದಲ್ಲ. ಅರ್ಲೀನ್ ಕೋಳಿಯ ತುಂಡು ಬಿಡಿಸಿ ಮಗನ ತಟ್ಟೆಗೆ ಹಾಕಿದಳು. "ತಿನ್ನು, ಆರಿ ಹೋಗುತ್ತೆ" ಎಂದಳು. ಭೇಟಿ ಮುಗಿಯುವವರೆಗೂ ಒಡೀಲ್‌ಳ ಕಡೆ ತಿರುಗಲಿಲ್ಲ.

ಹೊರಗೆ ಕಾರಿನ ಹತ್ತಿರ ಬಂದಾಗ ಒಡೀಲ್ ಅತ್ತುಬಿಟ್ಟಳು. "ವಕೀಲರಿಗೆ ಎಲ್ಲಾ ಬರ್ಕೊಡ್ತೀನಿ, ಕೂದಲಿನ ವಿಷಯವನ್ನೂ ಬಿಡದೆ. ಮುಂದಿನ ತಿಂಗಳಿಂದ ಚರ್ಚಿನ ಬೇರೆ ಯಾರನ್ನಾದ್ರೂ ಕೇಳಿ ಕಾರು ಗೊತ್ತು ಮಾಡ್ತೀನಿ. ನನ್ನ ಮುಖ ನೋಡೋ ಕರ್ಮ ನಿನಗೆ ಬೇಡ."

"ಬೇರೆ ಯಾರೂ ಬೇಡ" ಎಂದಳು ಅರ್ಲೀನ್. "ಅವನು ಆಚೆ ಬರೋವರೆಗೂ ನೀನೇ ಕರ್ಕೊಂಡು ಬರ್ಬೇಕು. ಒಂದು ಶನಿವಾರನೂ ತಪ್ಪಬಾರದು. ಅಷ್ಟು ಸುಲಭವಾಗಿ ತಪ್ಪಿಸ್ಕೋಬಹುದು ಅಂದ್ಕೊಂಡ್ಯಾ?"

"ಸರಿ ಅಕ್ಕ."

ಅರ್ಲೀನ್ ಕಾರು ಹತ್ತಿ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ನೇರ ಮುಂದಕ್ಕೆ ನೋಡುತ್ತಾ ಕೂತಳು.

"ಅಕ್ಕ ಅನ್ಬೇಡ" ಎಂದಳು. "ಮಿಸೆಸ್ ಪ್ರೆಜಾನ್ ಅನ್ನು."

"ಸರಿ, ಮಿಸೆಸ್ ಪ್ರೆಜಾನ್" ಎಂದು ಒಡೀಲ್ ಕಾರು ಚಾಲೂ ಮಾಡಿದಳು.