ಎಣ್ಣೆಗೂ ಮೊಣಕಾಲಿಗೂ ಇರುವ ಸಂಬಂಧ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯವರ ದೂರು. ಇರಲಿ. ಆ ದಿನ ಆಸ್ಪತ್ರೆಗೆ ಹೊರಡುವಾಗ ನನ್ನಲ್ಲಿದ್ದದ್ದು ಕೋಪವಲ್ಲ, ಭಯ. ಮೊಮ್ಮಗಳ ಮೊಣಕಾಲಿನ ಗಾಯ ಕಾಣದಂತೆ ಉದ್ದನೆಯ ಪ್ಯಾಂಟು ತೊಡಿಸಿದ್ದೆ. ಹೇಗೆ ಬಿದ್ದೆ ಎಂದೂ ಕೇಳಿರಲಿಲ್ಲ. ರಕ್ತ ಕಂಡದ್ದೇ ಪ್ಯಾಂಟು ಹುಡುಕಿದ್ದೆ.

ಅವಳಿಗೆ ಏಳು ವರ್ಷ. ತಿಂದ ಕೊಬ್ಬನ್ನು ಶಕ್ತಿಯಾಗಿ ಮಾಡಿಕೊಳ್ಳಲು ಬಾರದ ಮೈ. ಲಕ್ಷಕ್ಕೊಬ್ಬರಿಗೆ ಹುಟ್ಟಿನಿಂದಲೇ ಬರುವ ಕಾಯಿಲೆ. ನಾಲ್ಕು ಮೆಟ್ಟಿಲು ಹತ್ತಿದರೆ ಐದನೆಯದರ ಮೇಲೆ ಕೂತು ಕೈ ಚಾಚುತ್ತಿದ್ದಳು. ಎತ್ತಿಕೊಂಡೇ ತಿರುಗಬೇಕಾದ್ದರಿಂದ ನಾನಿಟ್ಟ ಹೆಸರು ಮಹಾರಾಣಿ.

ಇಂಥ ಮಕ್ಕಳ ಮೈಗೂ ಒಗ್ಗುವಂತೆ ತಯಾರಿಸಿದ ಹೊಸ ಎಣ್ಣೆಯೊಂದು ಸುರಕ್ಷಿತವೇ ಎಂದು ಆಸ್ಪತ್ರೆಯಲ್ಲಿ ಪರೀಕ್ಷೆ ನಡೆಯುತ್ತಿತ್ತು; ನಮ್ಮವಳೂ ಅದರಲ್ಲಿದ್ದಳು. ಊಟದೊಂದಿಗೆ ದಿನಕ್ಕೆ ನಾಲ್ಕು ಚಮಚ. ಕೆಮ್ಮಿದರೂ ತರಚಿದರೂ ಹೇಳಬೇಕು ಎಂಬುದು ನರ್ಸಮ್ಮನ ಕಟ್ಟಪ್ಪಣೆ. ಹೋದ ತಿಂಗಳು ವಾಂತಿ ಮಾಡಿಕೊಂಡ ಒಂದು ಮಗುವಿಗೆ ಎಣ್ಣೆ ನಿಲ್ಲಿಸಿದ್ದರು. ನಮ್ಮವಳಿಗೂ ನಿಲ್ಲಿಸಿಬಿಟ್ಟರೆ? ಮೂರು ತಿಂಗಳಿಂದ ಮಹಾರಾಣಿ ಮನೆಯ ಮೆಟ್ಟಿಲನ್ನು ನಿಧಾನವಾಗಿಯಾದರೂ ತಾನೇ ಹತ್ತುತ್ತಿದ್ದಳು. ಅದನ್ನು ಕಿತ್ತುಕೊಳ್ಳಲು ನಾನು ಬಿಡುವವಳಲ್ಲ.

ನರ್ಸಮ್ಮ ಪೆನ್ನು ತೆಗೆದರು. "ಈ ತಿಂಗಳು ಏನಾದ್ರೂ ತೊಂದರೆ ಆಯ್ತಾ ಅಜ್ಜಿ?"

"ಮೊಣಕಾಲಿಗೇನೂ ಆಗಿಲ್ಲ!" ಎಂದೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಡಾಕ್ಟರು ತಲೆಯೆತ್ತಿದರು. ಮಹಾರಾಣಿಯೋ, ಬಹುಮಾನ ತೋರಿಸುವವಳ ಹಾಗೆ ಪ್ಯಾಂಟು ಮೇಲೇರಿಸಿ ಕಾಲು ಚಾಚಿದಳು.

"ಬರೀಲೇಬೇಕು," ಎಂದು ನರ್ಸಮ್ಮ ಹಾಳೆ ತಿರುಗಿಸಿದರು. "ಈ ಗಾಯಕ್ಕೂ ಎಣ್ಣೆಗೂ ಸಂಬಂಧ ಇದೆಯಾ?"

"ಸುತರಾಂ ಇಲ್ಲ!"

"ಇದೆ," ಎಂದಳು ಮಹಾರಾಣಿ. "ಅಜ್ಜಿ ಸುಳ್ಳು ಹೇಳ್ತಿದ್ದಾಳೆ. ಮೊದ್ಲು ನನಗೆ ಓಡೋಕೇ ಆಗ್ತಿರ್ಲಿಲ್ಲ. ಎಣ್ಣೆ ಕುಡಿದೆ, ಓಡಿದೆ, ಬಿದ್ದೆ."

ನರ್ಸಮ್ಮನ ಪೆನ್ನು ನಿಂತಿತು. "ಓಡಿದ್ಯಾ?"

"ಪಕ್ಕದ್ಮನೆ ಅಣ್ಣನ ಜೊತೆ. ಗೇಟಿಂದ ಅಂಗಡಿ ತನಕ. ಅವನೇ ಸೋತ."

ಡಾಕ್ಟರು ನಕ್ಕ ನಗುವಿಗೆ ಪಕ್ಕದ ಕೋಣೆಯವರು ಇಣುಕಿ ನೋಡಿದರು. ನನಗೋ ಅಳು ಉಕ್ಕಿ ಬಂತು. "ಎಣ್ಣೆ ನಿಲ್ಲಿಸ್ಬೇಡಿ ಡಾಕ್ಟ್ರೇ."

"ತರಚಿದ್ದಕ್ಕೆಲ್ಲ ನಿಲ್ಲಿಸ್ತಾರಾ ಅಜ್ಜಿ? ರಕ್ತ ಪರೀಕ್ಷೆಯೂ ಚೆನ್ನಾಗಿ ಬಂದಿದೆ. ಆದ್ರೆ ಇನ್ಮೇಲೆ ಮುಚ್ಚಿಡ್ಬೇಡಿ. ನೀವು ಮುಚ್ಚಿಟ್ಟದ್ದರಿಂದ ಇನ್ನೊಂದು ಮಗುಗೆ ತೊಂದರೆ ಆಗ್ಬಾರ್ದು."

ನಾಚಿಕೆಯಾಯಿತು. ತಪ್ಪಾಯ್ತು ಎಂದೆ. ನಾನು ಆ ಮಾತು ಆಡಿದ್ದನ್ನು ಮನೆಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ನರ್ಸಮ್ಮ ಹಾಳೆಯಲ್ಲಿ ಬರೆದರು: ಕಾರಣ, ಓಟ.

ಹೊರಗೆ ಮೆಟ್ಟಿಲ ಬಳಿ, ಅಭ್ಯಾಸಬಲದಿಂದ ಎತ್ತಿಕೊಳ್ಳಲು ಬಗ್ಗಿದೆ. ಕೈಗೆ ಯಾರೂ ಸಿಗಲಿಲ್ಲ. ಅವಳು ಆಗಲೇ ಕೆಳಗಿನ ತಿರುವಿನಲ್ಲಿ ಧಡಧಡ ಇಳಿಯುತ್ತಿದ್ದಳು.

"ಓಡ್ಬೇಡ್ವೇ, ಬೀಳ್ತೀಯ!" ಎಂದು ಕೂಗಿದೆ.

ಎಲ್ಲ ಅಜ್ಜಿಯರೂ ದಿನಕ್ಕೆ ಹತ್ತು ಸಲ ಕೂಗುವ ಮಾತು. ಏಳು ವರ್ಷದಲ್ಲಿ ನನ್ನ ಬಾಯಿಂದ ಅದು ಬಂದದ್ದು ಅದೇ ಮೊದಲು. ಇನ್ನೊಂದು ಸಲ ಕೂಗಿದೆ, ಸುಮ್ಮನೆ, ಆಸೆಗೆ.