ಬೆನ್ನು ತಿರುಗಿಸಿದ ದೃಶ್ಯ

ಡಬ್ಬಿಂಗ್‌ನವರಿಗೆ ದೇವರೆಂದರೆ ತುಟಿ. ತೆರೆಯ ಮೇಲಿನ ತುಟಿ ಮುಚ್ಚಿದಾಗ ನಮ್ಮ ಮಾತೂ ಮುಗಿದಿರಬೇಕು. ನಟಿ ಬೆನ್ನು ತಿರುಗಿಸಿದರೆ ಮಾತ್ರ ಯಾವ ಮಾತನ್ನಾದರೂ ತುರುಕಬಹುದು. ನಾವೆಲ್ಲ ಮೇಷ್ಟ್ರು ಅನ್ನುವ ಡಬ್ಬಿಂಗ್ ನಿರ್ದೇಶಕರಂತೂ ಬೆನ್ನು ಕಂಡರೆ ಸಾಕು, ಡೈಲಾಗ್ ಬರೆದುಬಿಡುತ್ತಾರೆ.

ಅವತ್ತು ಹಿಂದಿಯ ಪೌರಾಣಿಕ ಸಿನಿಮಾವೊಂದರ ಸೀತೆಗೆ ನಾನು ಕನ್ನಡದಲ್ಲಿ ದನಿ ಕೊಡುತ್ತಿದ್ದೆ. ಕೊನೆಯ ದೃಶ್ಯ. ತುಂಬಿದ ಸಭೆಯಲ್ಲಿ ಅವಳ ಶೀಲದ ಮಾತು ಮತ್ತೆ ಎದ್ದಿದೆ. ಸೀತೆ ಬೆನ್ನು ತಿರುಗಿಸಿ ನಡೆಯುತ್ತಾಳೆ, ಭೂಮಿ ಬಾಯಿಬಿಡುತ್ತದೆ. ಹಿಂದಿಯಲ್ಲಿ ಅವಳು ತುಟಿಪಿಟಕ್ಕೆನ್ನುವುದಿಲ್ಲ. ಮೇಷ್ಟ್ರು ಅಲ್ಲಿ ‘ತಪ್ಪಾಗಿದ್ದರೆ ಕ್ಷಮಿಸಿ, ಸ್ವಾಮಿ’ ಎಂದು ಸೇರಿಸಿದ್ದರು. ಹೆಂಗಸರು ಅತ್ತರೆ ಸಿನಿಮಾ ಓಡುತ್ತದಂತೆ.

ಗಾಜಿನಾಚೆ, ಮೇಷ್ಟ್ರ ಪಕ್ಕದಲ್ಲಿ ನನ್ನ ಭಾವ, ಗಂಡನ ಅಣ್ಣ, ಕೂತಿದ್ದರು. ಕೆಲಸ ಮುಗಿಸಿ ಹೊತ್ತಾಗಿ ಮನೆಗೆ ಹೋದಾಗಲೆಲ್ಲ ಯಾರ ಜೊತೆಗಿದ್ದೆ ಎಂದು ಗಂಡ ಕೆದಕುತ್ತಿದ್ದ. ಕೇಳಿ ಕೇಳಿ ರೋಸಿಹೋಗಿ ನಾನು ಗೆಳತಿಯ ಕೋಣೆ ಸೇರಿದ್ದೆ. ಈಗ ಭಾವ ರಾಜಿಗೆ ಬಂದಿದ್ದರು. ಸಂಜೆ ಎಲ್ಲರೆದುರು ತಪ್ಪಾಯಿತು ಅಂದರೆ ಮನೆಯೊಳಗೆ, ಇಲ್ಲವಾದರೆ ಶಾಶ್ವತವಾಗಿ ಹೊರಗೆ. ಏನು ತಪ್ಪು ಎಂದು ಕೇಳಿದ್ದಕ್ಕೆ, ಬಾಯಿಮಾತಿಗೆ ಅಂದರೆ ನಿನ್ನ ಗಂಟೇನು ಹೋಗುತ್ತೆ ಎಂದಿದ್ದರು.

ಸುಳ್ಳೇಕೆ, ನನಗೆ ಆ ಮನೆ ಬೇಕಿತ್ತು. ಅಡುಗೆಮನೆಯ ಕಿಟಕಿ, ನಾನೇ ಆರಿಸಿ ತಂದ ಪರದೆ, ಒಳ್ಳೆಯ ಮನಸ್ಸಿನಲ್ಲಿದ್ದಾಗ ಗಂಡ ನಗುವ ನಗು, ಎಲ್ಲ ಬೇಕಿತ್ತು.

ಕೆಂಪು ದೀಪ ಹತ್ತಿತು. ಮೇಷ್ಟ್ರು ಬರೆದದ್ದನ್ನೇ ಹೇಳಿದೆ. ಅಳು ಸಾಲದು ಎಂದರು. ಮತ್ತೆ ಹೇಳಿದೆ. ಇನ್ನೂ ಕುಗ್ಗಬೇಕು ಎಂದರು. ಸಂಜೆಯ ತಾಲೀಮು ಇಲ್ಲೇ ನಡೆಯುತ್ತಿದೆ ಎಂಬಂತೆ ಭಾವ ತಲೆದೂಗುತ್ತಿದ್ದರು. ಅದನ್ನು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು.

ಮತ್ತೆ ದೀಪ ಹತ್ತಿತು. ಸೀತೆ ಬೆನ್ನು ತಿರುಗಿಸಿದಳು.

“ಅಮ್ಮಾ, ಬಾಗಿಲು ತೆರೆ. ನನ್ನದೇನೂ ತಪ್ಪಿಲ್ಲ,” ಎಂದೆ. ದನಿ ಒಂದಿಷ್ಟೂ ನಡುಗಲಿಲ್ಲ.

ಮೇಷ್ಟ್ರು ರೇಗಿದರು. ಹಿಂದಿಯಲ್ಲಿ ಹಾಗಿಲ್ಲವಂತೆ.

“ಹಿಂದೀಲಿ ಅವಳು ಕ್ಷಮೆ ಕೇಳೋದೂ ಇಲ್ಲ ಮೇಷ್ಟ್ರೇ. ಬೇಕಾದ್ರೆ ಸುಮ್ನೆ ನಡೆಯೋಕೆ ಬಿಡಿ. ಆ ಮಾತು ಮಾತ್ರ ಇನ್ನು ನನ್ನ ಬಾಯಲ್ಲಿ ಬರಲ್ಲ. ಹಿಂದಿನ ಎರಡು ಟೇಕೂ ಅಳಿಸಿ.”

ಬೇರೆಯವರನ್ನು ಕರೆಸುತ್ತೇನೆ ಎಂದರು. ಧಾರಾಳವಾಗಿ ಕರೆಸಿ ಎಂದೆ. ಇಡೀ ಸಿನಿಮಾ ನನ್ನ ದನಿಯಲ್ಲಿತ್ತು. ಒಂದು ಸಾಲಿಗೆ ಬೇರೆ ಗಂಟಲು ತಂದು ಅಂಟಿಸಲಿ, ನೋಡೋಣ. ಮೇಷ್ಟ್ರು, ಅಳಿಸು ಎಂದು ಸೌಂಡಿನವನಿಗೆ ಗೊಣಗಿದರು.

ಭಾವ ಎದ್ದು ಬಂದು ಬಾಗಿಲಲ್ಲಿ ನಿಂತರು. ಮುಖ ಇಷ್ಟು ಸಣ್ಣದಾಗಿತ್ತು. ಸಂಜೆ ಮನೆಯಲ್ಲಿ ಏನು ಹೇಳಲಿ ಎಂದು ಕೇಳಿದರು.

“ಈಗ ಕೇಳಿಸ್ಕೊಂಡ್ರಲ್ಲ ಭಾವ, ಅದನ್ನೇ ಹೇಳಿ,” ಎಂದು ಹೆಡ್‌ಫೋನ್ ಸರಿಮಾಡಿಕೊಂಡೆ. “ಹಾಗೇ ನನ್ನ ಬಟ್ಟೆ, ಮಿಕ್ಸಿ ಕಳಿಸ್ಕೊಡಿ. ಮಿಕ್ಸಿ ನಾನು ದುಡಿದು ತಂದಿದ್ದು.”